ಒಣ ಬಟ್ಟೆಯ ಲೆಕ್ಕ: ಮೋರೇರ ಗುಡ್ಡದ ಕೆಮ್ಮಣ್ಣಿನಿಂದ ನಮ್ಮ ಮನೆ ಮುಂದಿನ ಕಾರಿನವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆಯೂ ಇತಿಹಾಸದ್ದೇ. ಆದರೆ ಕೋಟೆ ಇಲ್ಲ, ಯುದ್ಧ ಇಲ್ಲ. ಇವತ್ತು ಬಣ್ಣದ ಕಥೆ. ಕೊನೆಗೆ ಮನೆಯಲ್ಲೇ ಕಾರು ತೊಳೆಯೋದು ಹೇಗೆ ಅನ್ನೋದಕ್ಕೂ ಬರ್ತೀನಿ. ಇವೆರಡಕ್ಕೂ ಏನು ಸಂಬಂಧ ಅಂತ ಕೇಳಬೇಡಿ, ಸಂಬಂಧ ಇದೆ.

ಮೊದಲು ನಮ್ಮ ಮನೆ ವಿಷಯ. ಹೋದ ವರ್ಷ ಕಾರು ಮಾರೋ ಪ್ರಸಂಗ ಬಂತು. ತಂಗಿಯ ಬಿ.ಎಡ್. ಫೀ ಕಟ್ಟೋದಿತ್ತು. ಕಡುನೀಲಿ ಬಣ್ಣದ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದ ಕಾರು. ನೋಡೋಕೆ ಬಂದವರು ಎಂಜಿನ್ ನೋಡಿದರು, ಟೈರ್ ನೋಡಿದರು, ಎಷ್ಟು ಕಿಲೋಮೀಟರ್ ಓಡಿದೆ ಅಂತ ನೋಡಿದರು. ಎಲ್ಲಾ ಸರಿ ಅಂದರು. ಆಮೇಲೆ ಮೊಬೈಲ್ ಟಾರ್ಚ್ ಹಚ್ಚಿ ಬಾನೆಟ್ ಮೇಲೆ ಹಿಡಿದರು. ಬೆಳಕಿನ ಸುತ್ತ ಜೇಡರ ಬಲೆ ಥರ ಸಣ್ಣ ಸಣ್ಣ ಗೀರು. ಒಂದೆರಡಲ್ಲ, ಸಾವಿರಾರು. "ಬಣ್ಣ ಎಲ್ಲಾ ಗೀರು ಬಿದ್ದೈತ್ರಿ. ಇಪ್ಪತ್ತು ಸಾವಿರ ಕಡಿಮಿ ಮಾಡ್ರಿ" ಅಂದರು.

ಅಪ್ಪ ಪಕ್ಕದಲ್ಲೇ ನಿಂತಿದ್ದರು. ಕೈಯಲ್ಲಿ ಹಳೇ ಧೋತರದ ತುಂಡು. ಐದು ವರ್ಷದಿಂದ ದಿನಾ ಬೆಳಿಗ್ಗೆ ಚಹಾ ಕುಡಿಯೋಕೂ ಮೊದಲು ಅದೇ ಬಟ್ಟೆಯಿಂದ ಕಾರಿನ ಧೂಳು ಒರೆಸೋದು ಅವರ ಪದ್ಧತಿ. ನೀರು ಹಾಕ್ತಿರಲಿಲ್ಲ, ಒಣ ಬಟ್ಟೆ ಅಷ್ಟೇ. ಬಂದವರು ಹೋದ ಮೇಲೆ ನನ್ನ ಕಡೆ ತಿರುಗಿ, "ಹಂಗಾರ ಇಷ್ಟು ದಿನ ನಾನಾ ಕೆಡಿಸೇನೇನು ತಮ್ಮಾ?" ಅಂತ ಕೇಳಿದರು.

ನನಗೆ ಉತ್ತರ ಕೊಡೋಕೆ ಆಗಲಿಲ್ಲ. ಮರುದಿನದಿಂದ ಅಪ್ಪ ಕಾರು ಮುಟ್ಟೋದನ್ನೇ ಬಿಟ್ಟರು. ಬೆಳಿಗ್ಗೆ ಎದ್ದು ಕಟ್ಟೆ ಮೇಲೆ ಸುಮ್ಮನೆ ಕೂತಿರೋರು. ಈ ಸಂಚಿಕೆ ಆ ಪ್ರಶ್ನೆಗೆ ನಾನು ಹುಡುಕಿಕೊಂಡ ಉತ್ತರ.

ಯಾರೂ ಒರೆಸದ ಬಣ್ಣ

ನಮ್ಮ ಜಿಲ್ಲೆಯ ಅತಿ ಹಳೆಯ ಬಣ್ಣಗಳನ್ನು ನೋಡಬೇಕು ಅಂದ್ರೆ ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿಗೆ ಹೋಗಬೇಕು. ಊರಿನವರು ಮೋರೇರ ಗುಡ್ಡ ಅಂತಾರೆ. ಮೇಲೆ ಹತ್ತಿದರೆ ಬೃಹತ್ ಶಿಲಾಯುಗದ ನೂರಾರು ಕಲ್ಗೋರಿಗಳು, ಕಲ್ಲಿನ ಮನೆಗಳ ಥರ ನಿಂತಿವೆ. ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಇವುಗಳ ಬಗ್ಗೆ ಬರೆದಿದ್ದ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಗೋರಿಗಳನ್ನು ನೋಡಿ ಬಂದವರು ಬಹಳ. ಆದರೆ ಅಲ್ಲಿನ ಬಂಡೆಗಳ ಆಸರೆಯಲ್ಲಿ ಚಿತ್ರಗಳೂ ಇವೆ. ಮನುಷ್ಯರು, ಪ್ರಾಣಿಗಳು, ಕುಣಿಯುವವರ ಸಾಲು. ಎಲ್ಲವೂ ಕೆಂಪು ಬಣ್ಣದಲ್ಲಿ.

ಆ ಕೆಂಪು ಏನು ಗೊತ್ತಾ? ಕೆಮ್ಮಣ್ಣು. ಅಂದ್ರೆ ಕಬ್ಬಿಣದ ಆಕ್ಸೈಡು. ಸರಳವಾಗಿ ಹೇಳೋದಾದ್ರೆ ತುಕ್ಕಿನ ಜಾತಿಯದ್ದೇ. ಈಗಾಗಲೇ ತುಕ್ಕಾಗಿ ಮುಗಿದಿರೋ ಕಬ್ಬಿಣಕ್ಕೆ ಬಿಸಿಲು, ಗಾಳಿ ಇನ್ನೇನು ಮಾಡೀತು? ಅದಕ್ಕೇ ಇಷ್ಟು ಕಾಲ ಉಳಿದಿದೆ. ಇನ್ನೊಂದು ಕಾರಣ ಇನ್ನೂ ಸರಳ. ಚಾಚಿಕೊಂಡ ಬಂಡೆಯ ಕೆಳಗಿರೋ ಆ ಚಿತ್ರವನ್ನು ದಿನಾ ಬೆಳಿಗ್ಗೆ ಯಾರೂ ಉಜ್ಜಲಿಲ್ಲ. ಧೂಳು ಬಂತು, ಕೂತಿತು, ಗಾಳಿಗೆ ಹೋಯಿತು.

ಇದನ್ನು ನೆನಪಲ್ಲಿ ಇಟ್ಟುಕೊಳ್ಳಿ. ಧೂಳು ಸುಮ್ಮನೆ ಕೂತರೆ ಬಣ್ಣಕ್ಕೆ ಗೀರು ಬೀಳೋದಿಲ್ಲ. ಧೂಳನ್ನು ಎಳೆದಾಗ ಬೀಳುತ್ತೆ.

ಕಿನ್ನಾಳದ ಪದರಗಳು

ಎರಡನೇ ನಿಲ್ದಾಣ ಕಿನ್ನಾಳ. ಕೊಪ್ಪಳದಿಂದ ಅರ್ಧ ಗಂಟೆಯೂ ಬೇಡ. ಅಲ್ಲಿನ ಚಿತ್ರಗಾರರ ಮನೆತನಗಳು ಮರದಲ್ಲಿ ದೇವರನ್ನು, ಗೊಂಬೆಗಳನ್ನು, ದೇವರ ವಾಹನಗಳನ್ನು ಮಾಡ್ತಾ ಬಂದಿವೆ. ಹಂಪಿಯ ವಿರೂಪಾಕ್ಷ ಗುಡಿಯ ಛಾವಣಿ ಚಿತ್ರಗಳನ್ನು ಬರೆದವರು ಇವರ ಪೂರ್ವಜರೇ ಅನ್ನೋ ನಂಬಿಕೆ ಇದೆ. ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಈ ಕಲೆಗೆ ಸಿಕ್ಕಿದೆ.

ವಾಹನ ಅನ್ನೋ ಪದ ನೋಡಿ. ಕಾರು ಬರೋಕೆ ಬಹಳ ಮೊದಲೇ ನಮ್ಮ ಕಡೆ ಬಣ್ಣ ಬಳಿದ ವಾಹನ ಅಂದ್ರೆ ಗರುಡ ವಾಹನ, ಹನುಮಂತ ವಾಹನ.

ಕಿನ್ನಾಳದವರು ಮರಕ್ಕೆ ನೇರ ಬಣ್ಣ ಹಚ್ಚೋದಿಲ್ಲ. ಹಗುರವಾದ ಪೊಳಕಿ ಮರ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಭಾಗಗಳನ್ನು ಜೋಡಿಸ್ತಾರೆ. ಅದರ ಮೇಲೆ ಅದೇ ಅಂಟಿನಲ್ಲಿ ಅದ್ದಿದ ಬಟ್ಟೆಯ ತುಂಡುಗಳು. ಅದರ ಮೇಲೆ ಕಲ್ಲಿನ ಪುಡಿ ಮತ್ತು ಗೋಂದಿನ ಲೇಪ. ಆಮೇಲೆ ಬಣ್ಣ. ಹೊಳೆಯಬೇಕಾದ ಕಡೆ ತವರದಿಂದ ಮಾಡೋ ಲಾಜವಾರ ಅನ್ನೋ ಮೆರುಗು. ಅಂದ್ರೆ ಬಣ್ಣ ಅನ್ನೋದು ಅಲ್ಲಿ ಒಂದು ವಸ್ತು ಅಲ್ಲ, ಪದರಗಳ ಒಂದು ಸಂಸಾರ. ಕೆಳಗಿನದು ಹಿಡಿದುಕೊಳ್ಳೋಕೆ, ನಡುವಿನದು ನುಣುಪಿಗೆ, ಮೇಲಿನದು ಚೆಂದಕ್ಕೆ.

ಈಗಿನ ಕಾರೂ ಹಾಗೇ. ತಗಡಿನ ಮೇಲೆ ತುಕ್ಕು ತಡೆಯೋ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣದ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ, ಗಾಜಿನಂಥ ಕ್ಲಿಯರ್ ಕೋಟ್. ನಾವು ಮುಟ್ಟೋದು, ತೊಳೆಯೋದು, ಗೀರು ಹಾಕೋದು ಎಲ್ಲಾ ಆ ಕೊನೆಯ ಪದರಕ್ಕೇ.

ನಿಜಾಮರ ಹಳದಿ ಕಾರು

1948ರವರೆಗೆ ನಾವು ಹೈದರಾಬಾದ್ ನಿಜಾಮರ ರಾಜ್ಯದಲ್ಲಿದ್ದವರು. ಕೊಪ್ಪಳ ಆಗ ಸಾಲಾರ್ ಜಂಗ್ ಮನೆತನದ ಜಾಗೀರು. ನಮ್ಮನ್ನಾಳಿದವರ ಒಂದು ಕಾರು ಇವತ್ತಿಗೂ ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ನೋಡೋಕೆ ಸಿಗುತ್ತೆ. ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್, ಹಳದಿ ಬಣ್ಣ, ಹಿಂದೆ ಸಿಂಹಾಸನದಂಥ ಸೀಟು. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಮಾಡಿಸಲು ಹೇಳಿದ್ದು. ಕಾರು ಬರೋ ಹೊತ್ತಿಗೆ ಅವರು ತೀರಿಕೊಂಡಿದ್ದರು. ಅದು ಮಗ ಉಸ್ಮಾನ್ ಅಲಿ ಖಾನರ ಪಾಲಾಯಿತು. ಇಷ್ಟು ವರ್ಷದಲ್ಲಿ ಓಡಿದ್ದು ಕೆಲವೇ ನೂರು ಮೈಲಿ.

ಆ ಕಾಲದ ಕಾರುಗಳಿಗೆ ಬಣ್ಣ ಬಳೀತಿದ್ದದ್ದು ಕುದುರೆ ಗಾಡಿಗೆ ಬಳಿಯೋ ರೀತಿಯಲ್ಲೇ. ಎಣ್ಣೆಯ ಬಣ್ಣ, ಮೇಲೆ ವಾರ್ನಿಶ್, ಬ್ರಷ್ಷಿನಿಂದ ಪದರದ ಮೇಲೆ ಪದರ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಒಂದು ಗಾಡಿ ಮುಗಿಯೋಕೆ ವಾರಗಟ್ಟಲೆ ಬೇಕಿತ್ತು. ಅಷ್ಟು ಕಷ್ಟದ ಬಣ್ಣ ಆದ್ದರಿಂದ ಸಾರೋಟು ನೋಡಿಕೊಳ್ಳೋ ಆಳುಗಳಿಗೆ ಕಟ್ಟುನಿಟ್ಟಿನ ನಿಯಮ ಇತ್ತು. ನೆರಳಲ್ಲಿ ತೊಳೀಬೇಕು. ತಣ್ಣೀರು ಧಾರಾಳವಾಗಿ ಸುರಿದು ಮೊದಲು ಕೆಸರನ್ನು ನೆನೆಸಬೇಕು. ಒಣಗಿದ ಕೆಸರನ್ನು ಎಂದೂ ಉಜ್ಜಬಾರದು. ಆಮೇಲೆ ಮೆತ್ತನೆ ಸ್ಪಂಜು. ಕೊನೆಗೆ ಹದ ಮಾಡಿದ ಮೆತ್ತನೆ ಚರ್ಮದಿಂದ ನೀರು ಹೀರಬೇಕು.

ನೀರು ಮೊದಲು, ಕೈ ಆಮೇಲೆ. ನೂರು ವರ್ಷಕ್ಕೂ ಹಿಂದಿನ ಈ ನಿಯಮ ನಡುವೆ ಎಲ್ಲಿ ಕಳೆದುಹೋಯಿತು?

ಉಜ್ಜಿದಷ್ಟೂ ಹೊಳೀತಿದ್ದ ಕಾಲ

ಕಳೆದುಹೋಗಿದ್ದು ವೇಗದಲ್ಲಿ. ಹೆನ್ರಿ ಫೋರ್ಡ್ ತನ್ನ ಮಾಡೆಲ್ ಟಿ ಕಾರನ್ನು 1914ರಿಂದ 1925ರವರೆಗೆ ಕಪ್ಪು ಬಣ್ಣವೊಂದರಲ್ಲೇ ಕೊಟ್ಟ ಕಥೆ ನಿಮಗೆ ಗೊತ್ತು. ಬೇರೆ ಬಣ್ಣ ಬೇಗ ಒಣಗಬೇಕು ಅನ್ನೋ ಸಮಸ್ಯೆಗೆ ಉತ್ತರ ಬಂದಿದ್ದು 1923ರ ಸುಮಾರಿಗೆ, ಅಮೆರಿಕದ ಡುಪಾಂಟ್ ಕಂಪನಿಯಿಂದ. ಹೆಸರು ಡ್ಯೂಕೋ. ಹೆಸರು ಎಲ್ಲೋ ಕೇಳಿದ್ದೀವಿ ಅನ್ನಿಸ್ತಾ? ಇವತ್ತಿಗೂ ನಮ್ಮ ಕಡೆ ಪೇಂಟರ್‌ಗಳು, ಬಡಿಗೇರರು "ಡ್ಯೂಕೋ ಹೊಡೀಬೇಕೇನ್ರಿ?" ಅಂತಾರೆ. ಅದೇ ಇದು.

ಡ್ಯೂಕೋದ ಮೂಲ ಹತ್ತಿ. ಹತ್ತಿಯ ನಾರಿನಿಂದ ಮಾಡೋ ನೈಟ್ರೋಸೆಲ್ಯುಲೋಸ್. ಮೊದಲ ಮಹಾಯುದ್ಧದಲ್ಲಿ ಇದೇ ವಸ್ತುವಿನಿಂದ ಸಿಡಿಮದ್ದು ಮಾಡ್ತಿದ್ದರು. ಯುದ್ಧ ಮುಗಿದ ಮೇಲೆ ಆ ಕಾರ್ಖಾನೆಗಳಿಗೆ ಹೊಸ ಕೆಲಸ ಬೇಕಿತ್ತು. ಮದ್ದು ಹೋಗಿ ಬಣ್ಣ ಆಯಿತು. ವಾರಗಟ್ಟಲೆ ಹಿಡೀತಿದ್ದ ಬಣ್ಣದ ಕೆಲಸ ತಾಸುಗಳ ಲೆಕ್ಕಕ್ಕೆ ಬಂತು.

ಆದರೆ ಈ ಬಣ್ಣಕ್ಕೆ ಒಂದು ಗುಣ ಇತ್ತು. ಸಿಂಪಡಿಸಿದ ಕೂಡಲೇ ಅಷ್ಟಾಗಿ ಹೊಳೀತಿರಲಿಲ್ಲ. ಉಜ್ಜಿ ಉಜ್ಜಿ ಹೊಳಪು ತರಿಸಬೇಕಿತ್ತು. ಬಿಸಿಲಿಗೆ ಮೇಲಿನ ಪದರ ಸುಣ್ಣದ ಪುಡಿ ಥರ ಮಂಕಾಗ್ತಿತ್ತು. ಆಗ ಮತ್ತೆ ಉಜ್ಜಬೇಕು. ಆ ಮಂಕು ಪದರ ಬಟ್ಟೆಗೆ ಬಂದು, ಕೆಳಗಿನ ಹೊಸ ಬಣ್ಣ ಕಾಣ್ತಿತ್ತು. ಆಮೇಲೆ ಬಂದ ಸಿಂಥೆಟಿಕ್ ಎನಾಮೆಲ್‌ಗಳೂ ಮಂಕಾದಾಗ ಪಾಲಿಶ್‌ನಿಂದಲೇ ಜೀವ ಪಡೀತಿದ್ದವು. ಮೇಲಿನಿಂದ ಕೆಳಗಿನವರೆಗೆ ಬಣ್ಣವೇ ಬಣ್ಣ, ಅದರ ಮೇಲೆ ಬೇರೆ ಪದರ ಇಲ್ಲ.

ಈಗ ನಮ್ಮ ಅಪ್ಪನ ಕಡೆ ಬರೋಣ. 1953ರಲ್ಲಿ ತುಂಗಭದ್ರಾ ಡ್ಯಾಮಿನಿಂದ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ ಭತ್ತದ ನಾಡಾಯಿತು. ಭತ್ತದ ಹಿಂದೆ ರೈಸ್ ಮಿಲ್ಲು, ಮಿಲ್ಲಿನ ಹಿಂದೆ ಅಂಬಾಸಿಡರ್ ಕಾರು. ಅಪ್ಪ ಹುಡುಗರಾಗಿದ್ದಾಗ ಅಂಥ ಒಬ್ಬ ಸಾಹುಕಾರರ ಬಿಳಿ ಅಂಬಾಸಿಡರ್ ಓಡಿಸ್ತಿದ್ದರು. ನಾನು ಈ ಬಣ್ಣದ ಗುಣ ಓದಿ ಹೇಳಿದಾಗ ಅವರ ಮುಖ ಅರಳಿತು. "ಹೌದಲೋ, ಒರಿಸಿದ್ರ ಅರಿವಿಗೆ ಸುಣ್ಣ ಹತ್ತಿದಂಗ ಬಿಳೇದು ಹತ್ತತಿತ್ತು. ಎಷ್ಟು ತಿಕ್ಕಿದ್ರ ಅಷ್ಟು ಝಗ್ ಅಂತಿತ್ತು ಗಾಡಿ!" ಅಂದರು.

ನನ್ನ ಉತ್ತರ ಅಲ್ಲಿ ಸಿಕ್ಕಿತು. ಅಪ್ಪ ಕಲಿತದ್ದು ತಪ್ಪಾಗಿರಲಿಲ್ಲ. ಆ ಬಣ್ಣಕ್ಕೆ ತಿಕ್ಕೋದೇ ಆರೈಕೆ. ಬಣ್ಣ ಬದಲಾಯಿತು, ಅದನ್ನ ಅವರಿಗೆ ಯಾರೂ ಹೇಳಲಿಲ್ಲ.

ಬಣ್ಣ ಬದಲಾದದ್ದು ಹೊರದೇಶಗಳಲ್ಲಿ 1980ರ ದಶಕದಲ್ಲಿ. ಬೇಸ್ ಕೋಟ್ ಮತ್ತು ಕ್ಲಿಯರ್ ಕೋಟ್ ಬೇರೆ ಬೇರೆ ಆದವು. ನಮ್ಮಲ್ಲಿ 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಮುಂದೆ ಹೊಸ ಕಂಪನಿಗಳು, ಹೊಳೆಯೋ ಮೆಟಾಲಿಕ್ ಬಣ್ಣಗಳು ಬಂದ ಹಾಗೆ ಕ್ಲಿಯರ್ ಕೋಟ್ ಸಾಮಾನ್ಯವಾಯಿತು. 2014ರಲ್ಲಿ ಅಂಬಾಸಿಡರ್ ತಯಾರಿಕೆಯೂ ನಿಂತಿತು. ಕಾರು ಹೋಯಿತು, ಅದನ್ನು ಒರೆಸೋ ಅಭ್ಯಾಸ ಮಾತ್ರ ಕೈಯಲ್ಲಿ ಉಳೀತು.

ಕಾಗದಕ್ಕಿಂತ ತೆಳು

ನಾನು ಬಿಕಾಂ ಓದಿದವನು, ಲೆಕ್ಕದಲ್ಲಿ ಹೇಳ್ತೀನಿ. ಕ್ಲಿಯರ್ ಕೋಟಿನ ದಪ್ಪ ಸುಮಾರು 40ರಿಂದ 50 ಮೈಕ್ರಾನ್. ಝೆರಾಕ್ಸ್ ಅಂಗಡಿಯ ಒಂದು ಹಾಳೆ ಸುಮಾರು 100 ಮೈಕ್ರಾನ್. ಅಂದ್ರೆ ಹಾಳೆಯ ಅರ್ಧದಷ್ಟು. ಇದು ಒಂದು ಎಫ್‌ಡಿ ಅಂದುಕೊಳ್ಳಿ. ಬಡ್ಡಿ ಬರೋದಿಲ್ಲ, ಮತ್ತೆ ಜಮಾ ಮಾಡೋಕೂ ಆಗೋದಿಲ್ಲ, ಬರೀ ತೆಗೆಯೋದು ಮಾತ್ರ. ಗೀರು ಹೋಗಲಿ ಅಂತ ಮಷೀನ್ ಪಾಲಿಶ್ ಮಾಡಿಸಿದಾಗಲೆಲ್ಲ ಗೀರನ್ನು ತುಂಬಿಸ್ತಾರೆ ಅಂತ ತಿಳೀಬೇಡಿ. ಗೀರಿನ ಆಳದವರೆಗೆ ಸುತ್ತಲಿನ ಪದರವನ್ನೇ ಸವೆಸ್ತಾರೆ. ಒಂದೆರಡು ಸಲ ಸರಿ, ವರ್ಷಾ ವರ್ಷ ಮಾಡಿಸಿದರೆ ಅಸಲಿಗೇ ಕೈ.

ಇನ್ನು ನಮ್ಮ ಜಿಲ್ಲೆಯ ಧೂಳು. ಯಲಬುರ್ಗಾ ಕಡೆ ಎರೆ ಮಣ್ಣು. ಕುಷ್ಟಗಿ ಕಡೆ ಮಸಾರಿ, ಜೊತೆಗೆ ಗ್ರಾನೈಟ್ ಗಣಿಗಳು. ಗಂಗಾವತಿ, ಆನೆಗೊಂದಿ ಸುತ್ತ ಗ್ರಾನೈಟ್ ಬೆಟ್ಟಗಳೇ. ಗ್ರಾನೈಟ್ ಪುಡಿಯಲ್ಲಿ ಬೆಣಚುಕಲ್ಲು ಇರುತ್ತೆ. ಅದು ಗಾಜನ್ನೇ ಗೀರಬಲ್ಲ ಗಟ್ಟಿ. ಕ್ಲಿಯರ್ ಕೋಟ್ ಅದರ ಮುಂದೆ ಬೆಣ್ಣೆ. ಒಣ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಧೂಳನ್ನು ತೆಗೆಯೋದಿಲ್ಲ, ಧೂಳನ್ನು ಹಿಡಿದುಕೊಂಡು ಬಣ್ಣದ ಮೇಲೆ ಎಳೆಯುತ್ತೆ. ಮರಳು ಕಾಗದ ಅಂದ್ರೂ ಅದೇ ಅಲ್ಲವಾ?

ಕೊಪ್ಪಳದ ಸುತ್ತ, ಗಿಣಿಗೇರಿ ಕಡೆಯವರಿಗೆ ಇನ್ನೊಂದು ಧೂಳೂ ಗೊತ್ತು. ಮಾಳಿಗೆ ಮೇಲೆ, ಒಣಹಾಕಿದ ಬಟ್ಟೆ ಮೇಲೆ, ಬೆಳೆ ಮೇಲೆ ಕೂರೋ ಕರಿ ಬೂದಿ. ಕಾರಿನ ಬಣ್ಣ ಅಲ್ಲಿ ಸಣ್ಣ ವಿಷಯ, ಜನರ ಉಸಿರಿನ ಪ್ರಶ್ನೆ ದೊಡ್ಡದು. ಅದಕ್ಕೆ ಬೇರೆ ಸಂಚಿಕೆಯೇ ಬೇಕು. ಆದರೂ ಹೇಳ್ತೀನಿ, ಅಂಥ ಧೂಳಿನಲ್ಲಿ ಕಬ್ಬಿಣದ ಕಣ ಇದ್ದರೆ ಅದು ಬಣ್ಣದಲ್ಲಿ ಕಚ್ಚಿಕೊಂಡು, ಮಳೆ ನೀರಿಗೆ ತುಕ್ಕು ಹಿಡಿದು, ಕಿತ್ತಳೆ ಚುಕ್ಕೆ ಬೀಳುತ್ತೆ. ತಿಳಿ ಬಣ್ಣದ ಕಾರುಗಳಲ್ಲಿ ಚೆನ್ನಾಗಿ ಕಾಣುತ್ತೆ. ಉಗುರಿನಿಂದ ಕೆರೆಯಬೇಡಿ. ಅದಕ್ಕೆಂದೇ ದ್ರಾವಣ ಸಿಗುತ್ತೆ, ಕಬ್ಬಿಣ ಕರಗೋವಾಗ ನೇರಳೆ ಬಣ್ಣಕ್ಕೆ ತಿರುಗುತ್ತೆ.

ಮೂರನೆಯದು ನೀರು. ಕುಷ್ಟಗಿ, ಯಲಬುರ್ಗಾದ ಬೋರಿನ ಸವಳು ನೀರು ಗೊತ್ತಲ್ಲ, ಕೊಡದ ಒಳಗೆ ಬಿಳಿ ಪೊರೆ ಕಟ್ಟುತ್ತೆ. ಬಿಸಿಲಲ್ಲಿ ತೊಳೆದು ಹಾಗೇ ಒಣಗೋಕೆ ಬಿಟ್ಟರೆ ಅದೇ ಪೊರೆ ಹನಿ ಹನಿಯಾಗಿ ಬಾನೆಟ್ ಮೇಲೆ ಉಳಿಯುತ್ತೆ. ಬಹಳ ದಿನ ಬಿಟ್ಟರೆ ತೊಳೆದರೂ ಹೋಗೋದಿಲ್ಲ.

ಹಾಗಾದರೆ ತೊಳೆಯೋದು ಹೇಗೆ?

ಸಾರೋಟಿನ ಆಳುಗಳ ನಿಯಮಕ್ಕೇ ವಾಪಸ್ ಹೋಗೋದು, ಅಷ್ಟೇ.

ಬೆಳಿಗ್ಗೆ ಅಥವಾ ಸಂಜೆ, ನೆರಳಲ್ಲಿ. ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ಮೊದಲು ಕೈ ಹಚ್ಚದೆ ಬರೀ ನೀರು, ಮೇಲಿನಿಂದ ಕೆಳಗೆ. ಧೂಳಿನ ಬಹುಪಾಲು ಇಲ್ಲೇ ಹೋಗಬೇಕು. ಕೆಸರು ಗಟ್ಟಿಯಾಗಿದ್ದರೆ ಎರಡು ನಿಮಿಷ ನೆನೆಯಲಿ.

ಆಮೇಲೆ ಎರಡು ಬಕೆಟ್. ಒಂದರಲ್ಲಿ ಕಾರಿನ ಶಾಂಪೂ ಹಾಕಿದ ನೀರು, ಇನ್ನೊಂದರಲ್ಲಿ ಬರೀ ನೀರು. ಶಾಂಪೂ ನೀರಲ್ಲಿ ಬಟ್ಟೆ ಅದ್ದಿ ಒಂದು ಭಾಗ ತೊಳೆದು, ಬಟ್ಟೆಯನ್ನು ಬರೀ ನೀರಲ್ಲಿ ಜಾಲಿಸಿ, ಆಮೇಲೆ ಮತ್ತೆ ಶಾಂಪೂಗೆ. ಬಟ್ಟೆಗೆ ಹತ್ತಿದ ಮಣ್ಣು ಎರಡನೇ ಬಕೆಟ್‌ನ ತಳದಲ್ಲಿ ಉಳಿಯುತ್ತೆ, ಕಾರಿನ ಮೇಲೆ ವಾಪಸ್ ಹೋಗೋದಿಲ್ಲ. ಮೊದಲ ಸಲ ತೊಳೆದ ಮೇಲೆ ಆ ಬಕೆಟ್‌ನ ತಳ ಬೆರಳಿಂದ ಮುಟ್ಟಿ ನೋಡಿ. ಮರಳು ಸಿಗುತ್ತೆ. ಅದೆಲ್ಲ ನಿಮ್ಮ ಬಣ್ಣದ ಮೇಲೆ ಓಡಾಡಬೇಕಿದ್ದ ಮರಳು.

ಬಟ್ಟೆ ಮೈಕ್ರೋಫೈಬರ್ ಆದರೆ ಒಳ್ಳೇದು. ಅದರ ಎಳೆಗಳ ನಡುವೆ ಕಣಗಳು ಹೋಗಿ ಕೂರ್ತವೆ, ಮೇಲ್ಮೈಯಲ್ಲಿ ಉಳಿಯೋದಿಲ್ಲ. ಮೇಲಿಂದ ಶುರು ಮಾಡಿ ಕೆಳಗೆ ಬನ್ನಿ, ಸುತ್ತು ಹಾಕದೆ ನೇರ ಗೆರೆಯಲ್ಲಿ, ಒತ್ತದೆ. ಚಕ್ರಗಳಿಗೆ ಬೇರೆ ಬಟ್ಟೆ. ಅದು ನೆಲಕ್ಕೆ ಬಿದ್ದರೆ ಜಾಲಿಸದೆ ಮತ್ತೆ ಮುಟ್ಟಿಸಬೇಡಿ. ಕೊನೆಗೆ ಸ್ವಚ್ಛ ನೀರು ಸುರಿದು, ಒಣಗೋಕೆ ಬಿಡದೆ ಒಣ ಮೈಕ್ರೋಫೈಬರ್ ಹಾಸಿ ನೀರು ಹೀರಿಸಿ. ಸವಳು ನೀರಿನ ಊರುಗಳಲ್ಲಿ ಇದು ಬಿಡೋ ಹಾಗೇ ಇಲ್ಲ. ಸಾಧ್ಯ ಆದರೆ ಕೊನೇ ಸಲ ಸುರಿಯೋಕೆ ಫಿಲ್ಟರ್ ನೀರು ಒಂದು ಬಕೆಟ್ ಇಟ್ಟುಕೊಳ್ಳಿ.

ಬಟ್ಟೆ ಒಗೆಯೋ ಪೌಡರ್, ಪಾತ್ರೆ ಸೋಪು, ತೆಂಗಿನ ನಾರು, ಡೀಸೆಲ್ ಬೇಡ. ಕಾಲುವೆಗೆ ಗಾಡಿ ಇಳಿಸಿ ತೊಳೆಯೋದೂ ಬೇಡ. ಆ ನೀರಲ್ಲೇ ಮರಳು ಇರುತ್ತೆ, ನಮ್ಮ ಎಣ್ಣೆ ಮತ್ತು ಸೋಪು ಕೆಳಗಿನ ಊರಿನವರ ಕೊಡಕ್ಕೆ ಹೋಗುತ್ತೆ.

ನೀರಿಲ್ಲದ ದಿನಗಳಲ್ಲಿ? ಪೈಪು ಬಿಟ್ಟರೆ ನಿಮಿಷಕ್ಕೆ ಹತ್ತು ಲೀಟರಿಗೂ ಹೆಚ್ಚು ಹರಿಯುತ್ತೆ. ಮೂರು ನಾಲ್ಕು ಬಕೆಟ್‌ನಲ್ಲಿ ಕಾರು ಪೂರ್ತಿ ತೊಳೀಬಹುದು. ಅಷ್ಟೂ ಇಲ್ಲ ಅಂದ್ರೆ ಧೂಳನ್ನು ಹಾಗೇ ಬಿಡಿ. ಮೋರೇರ ಗುಡ್ಡ ನೆನಪಿದೆಯಲ್ಲ? ಗಾಜು ಮಾತ್ರ ನೀರು ಹಚ್ಚಿ ಒರೆಸಿಕೊಂಡು ಹೋಗಿ. ಹಕ್ಕಿ ಹಿಕ್ಕೆ ಒಂದಕ್ಕೆ ಮಾತ್ರ ಕಾಯಬೇಡಿ, ಅದು ಬಿಸಿಲಿಗೆ ಬಣ್ಣ ತಿನ್ನುತ್ತೆ. ಒದ್ದೆ ಬಟ್ಟೆ ಐದು ನಿಮಿಷ ಹಾಕಿಟ್ಟು, ನೆನೆದ ಮೇಲೆ ಎತ್ತಿ.

ಆಯುಧ ಪೂಜೆ ದಿನ ವಿಭೂತಿ, ಕುಂಕುಮ ಗಾಜಿಗೆ ಅಥವಾ ನಂಬರ್ ಪ್ಲೇಟಿಗೆ ಹಚ್ಚಿ. ಬಾನೆಟ್‌ಗೇ ಹಚ್ಚಬೇಕು ಅಂತ ಮನೆಯವರು ಅಂದ್ರೆ ಹಚ್ಚಿ, ಜಗಳ ಬೇಡ. ಮರುದಿನ ಒಣಗಿದ್ದನ್ನು ಉಜ್ಜಬೇಡಿ, ನೀರು ಹಾಕಿ ಇಳಿಸಿ. ಹಾರಕ್ಕೆ ತಂತಿಯ ಬದಲು ದಾರ ಕಟ್ಟಿ.

ಕಾರು ಏನಾಯಿತು ಅಂತ ಹೇಳಿ ಮುಗಿಸ್ತೀನಿ. ಅವರು ಕೇಳಿದ ರೇಟಿಗೆ ಕೊಡಲಿಲ್ಲ. ತಂಗಿಯ ಫೀಗೆ ಸೊಸೈಟಿಯಲ್ಲಿ ಸಾಲ ತಗೊಂಡ್ವಿ, ಇನ್ನೂ ಕಟ್ತಾ ಇದ್ದೀನಿ. ಬಾನೆಟ್ ಮೇಲಿನ ಗೀರುಗಳು ಹಾಗೇ ಇವೆ, ಪಾಲಿಶ್ ಮಾಡಿಸಿಲ್ಲ. ಅಪ್ಪನಿಗೆ ಈ ಇತಿಹಾಸ ಎಲ್ಲಾ ಕೂತು ಹೇಳಿದೆ. ಅಂಬಾಸಿಡರ್ ಭಾಗ ಎರಡು ಸಲ ಹೇಳಿಸಿಕೊಂಡರು. ಮಾರನೇ ಭಾನುವಾರ ಕಟ್ಟೆಯಿಂದ ಎದ್ದು ಬಂದು ಎರಡು ಬಕೆಟ್ ಎಲ್ಲಿವೆ ಅಂತ ಕೇಳಿದರು.

ಈಗ ವಾರಕ್ಕೊಮ್ಮೆ ಅವರೇ ತೊಳೀತಾರೆ. ನಾನು ಅವಸರದಲ್ಲಿ ಒಣ ಕೈಯಿಂದ ಬಾನೆಟ್ ಮೇಲಿನ ಧೂಳು ಒರೆಸೋಕೆ ಹೋದರೆ, "ಏ, ಕೈ ತೆಗೀ! ಮೊದ್ಲು ನೀರ್ ಹಾಕು" ಅಂತ ನನಗೇ ಬೈತಾರೆ.

ನಿಮ್ಮ ಮನೆಯಲ್ಲೂ ಹಳೇ ಡ್ರೈವರ್ ಇದ್ದರೆ, ಅವರು ಯಾವ ಗಾಡಿ ಓಡಿಸ್ತಿದ್ದರು, ಹೇಗೆ ತೊಳೀತಿದ್ದರು ಅಂತ ಕೇಳಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರೀ.